ತಾಸೆಯ ಪೆಟ್ಟು, ಹುಲಿಯ ಹೆಜ್ಜೆ: ಉಡುಪಿ ಅಷ್ಟಮಿಯ ಬೀದಿ ವಾದ್ಯ ಮತ್ತು ವೇಷಗಾರರು

ಅಷ್ಟಮಿಯ ದಿನಗಳಲ್ಲಿ ಉಡುಪಿಯ ಬೀದಿಯಲ್ಲಿ ಹುಲಿ ಕಣ್ಣಿಗೆ ಬೀಳುವುದಕ್ಕೆ ಮೊದಲು ಕಿವಿಗೆ ಬೀಳುತ್ತದೆ. ಯಾವುದೋ ಓಣಿಯ ತಿರುವಿನಿಂದ ತಾಸೆಯ ಚುರುಕಾದ ಸದ್ದು ಹೊರಟೊಡನೆ ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಎದ್ದು ಜಗಲಿಗೆ ಬರುತ್ತಾರೆ. ಮಹಡಿಯ ಕಿಟಕಿಗಳು ತೆರೆದುಕೊಳ್ಳುತ್ತವೆ. ಮಕ್ಕಳು ಅರ್ಧ ಭಯ, ಅರ್ಧ ಕುತೂಹಲದಿಂದ ಹಿರಿಯರ ಬೆನ್ನ ಹಿಂದೆ ಅವಿತು ನಿಲ್ಲುತ್ತಾರೆ. ಆ ಬಳಿಕವಷ್ಟೇ ಹಳದಿ, ಕಪ್ಪು ಪಟ್ಟೆಗಳ ಹುಲಿಗಳ ಹಿಂಡು ಕಾಣಿಸುತ್ತದೆ. ಕೆಲವೇ ನಿಮಿಷಗಳ ಕುಣಿತ, ನಾಲ್ಕಾರು ಲಾಗ, ಒಂದಿಷ್ಟು ಕಾಣಿಕೆ. ತಂಡ ಮುಂದಿನ ಮನೆಗೆ ಸಾಗುತ್ತದೆ. ಸದ್ದು ಮಾತ್ರ ಇನ್ನೂ ಬಹಳ ಹೊತ್ತು ಗಾಳಿಯಲ್ಲಿ ಉಳಿದಿರುತ್ತದೆ.

ಕರಾವಳಿಯ ಹುಲಿವೇಷದ ಬಗ್ಗೆ ನಾಡಿನ ಉಳಿದ ಭಾಗದವರಿಗೆ ಇಂದು ಸಾಕಷ್ಟು ಪರಿಚಯವಿದೆ. ಸಿನಿಮಾಗಳು, ದೂರದರ್ಶನ ವಾಹಿನಿಗಳು ಹಾಗೂ ಮೊಬೈಲಿನಲ್ಲಿ ಹರಿದಾಡುವ ದೃಶ್ಯಗಳು ಅದನ್ನು ಮನೆಮನೆಗೆ ತಲುಪಿಸಿವೆ. ಆದರೆ ಈ ಕಲೆಯ ಅರ್ಧಭಾಗವಾದ ವಾದ್ಯ, ಆ ವಾದ್ಯವನ್ನು ನುಡಿಸುವವರು ಹಾಗೂ ವೇಷಕ್ಕೂ ಬೀದಿಗೂ ಇರುವ ಸಂಬಂಧ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹುಲಿಯ ಮುಂದಿನ ದಿನಗಳು ಹೇಗಿರುತ್ತವೆ ಎಂಬ ಪ್ರಶ್ನೆಗೆ ಉತ್ತರ ಬಣ್ಣದ ಡಬ್ಬಿಗಿಂತ ಹೆಚ್ಚಾಗಿ ಈ ಸಂಗತಿಗಳಲ್ಲಿ ಅಡಗಿದೆ.

ಕಡಲ ತಡಿಯ ಅಷ್ಟಮಿ

ಉಡುಪಿ ಅರಬ್ಬೀ ಸಮುದ್ರದಿಂದ ಕೆಲವೇ ಕಿಲೋಮೀಟರ್ ಒಳಗಿರುವ ಪಟ್ಟಣ. ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿ ಮಲ್ಪೆ ಬಂದರು ಇದೆ. ಊರಿಗೂ ಕಡಲಿಗೂ ಇರುವ ನಂಟು ಕೃಷ್ಣನ ಕಥೆಯಿಂದಲೇ ಆರಂಭವಾಗುತ್ತದೆ. ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ಪಾರು ಮಾಡಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ದೊರೆತ ಬಾಲಕೃಷ್ಣನ ವಿಗ್ರಹವನ್ನೇ ಉಡುಪಿಯಲ್ಲಿ ಪ್ರತಿಷ್ಠಾಪಿಸಿದರೆಂದೂ ಐತಿಹ್ಯ ಹೇಳುತ್ತದೆ. 13ನೇ ಶತಮಾನದಲ್ಲಿ ಸ್ಥಾಪನೆಗೊಂಡ ಕೃಷ್ಣಮಠದ ಪೂಜಾಧಿಕಾರವನ್ನು ಅಷ್ಟಮಠಗಳು ಪರ್ಯಾಯ ಪದ್ಧತಿಯಂತೆ ಎರಡೆರಡು ವರ್ಷ ನಿರ್ವಹಿಸುತ್ತ ಬಂದಿವೆ. ಮಠಗಳು, ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳು ಸುತ್ತುವರಿದಿರುವ ರಥಬೀದಿಯೇ ಹಬ್ಬದ ಹೃದಯಭಾಗ.

ಇಲ್ಲಿನ ಅಷ್ಟಮಿಯ ಲೆಕ್ಕಾಚಾರ ತುಸು ಬೇರೆ. ಉಡುಪಿಯಲ್ಲಿ ಸೌರಮಾನವನ್ನು ಅನುಸರಿಸಿ ಸಿಂಹ ಮಾಸದಲ್ಲಿ ಕೃಷ್ಣ ಜನ್ಮಾಷ್ಟಮಿ ಆಚರಿಸುವ ಸಂಪ್ರದಾಯವಿದೆ. ಹಾಗಾಗಿ ಕೆಲವು ವರ್ಷ ದೇಶದ ಉಳಿದೆಡೆಯ ಆಚರಣೆಗೂ ಉಡುಪಿಯ ಆಚರಣೆಗೂ ಒಂದು ತಿಂಗಳ ಅಂತರ ಬರುವುದುಂಟು. 2025ರಲ್ಲಿ ಬಹುತೇಕ ಕಡೆ ಆಗಸ್ಟ್ ಮಧ್ಯಭಾಗದಲ್ಲಿ ಅಷ್ಟಮಿ ಮುಗಿದಿದ್ದರೆ, ಉಡುಪಿಯಲ್ಲಿ ಅದು ನಡೆದದ್ದು ಸೆಪ್ಟೆಂಬರ್ 14ರಂದು.

ಅಷ್ಟಮಿಯ ಹಗಲು ಉಪವಾಸದ್ದು. ನಡುರಾತ್ರಿ ಚಂದ್ರೋದಯದ ವೇಳೆಗೆ ಅರ್ಘ್ಯ ಪ್ರದಾನ. ಮರುದಿನದ ವಿಟ್ಲಪಿಂಡಿ ಅಥವಾ ಮೊಸರು ಕುಡಿಕೆ ಸಂಪೂರ್ಣವಾಗಿ ಬೀದಿಯ ಹಬ್ಬ. ಮಣ್ಣಿನಿಂದ ಮಾಡಿದ ಕೃಷ್ಣನ ಮೂರ್ತಿಯನ್ನು ಚಿನ್ನದ ರಥದಲ್ಲಿರಿಸಿ ರಥಬೀದಿಯಲ್ಲಿ ಮೆರವಣಿಗೆ ಮಾಡಲಾಗುತ್ತದೆ. ದಾರಿಯುದ್ದಕ್ಕೂ ನೆಟ್ಟ ಗುರ್ಜಿಗಳಲ್ಲಿ ಮೊಸರು, ಬಣ್ಣದ ನೀರು ತುಂಬಿದ ಮಡಕೆಗಳು ತೂಗುತ್ತಿರುತ್ತವೆ. ಗೊಲ್ಲರ ವೇಷ ತೊಟ್ಟವರು ಉದ್ದನೆಯ ಕೋಲುಗಳಿಂದ ಅವನ್ನು ಒಡೆಯುತ್ತ ಸಾಗುತ್ತಾರೆ. ಉಂಡೆ ಚಕ್ಕುಲಿಗಳ ಪ್ರಸಾದಕ್ಕಾಗಿ ಸಾವಿರಾರು ಕೈಗಳು ಮೇಲೇಳುತ್ತವೆ. ಕೊನೆಯಲ್ಲಿ ಮಣ್ಣಿನ ಮೂರ್ತಿಯನ್ನು ಮಧ್ವ ಸರೋವರದಲ್ಲಿ ವಿಸರ್ಜಿಸಲಾಗುತ್ತದೆ. ಹುಲಿಗಳ ಸಹಿತ ನೂರೆಂಟು ವೇಷಗಳು ಪಟ್ಟಣವನ್ನು ತುಂಬಿಕೊಳ್ಳುವುದು ಈ ಎರಡು ಮೂರು ದಿನಗಳಲ್ಲಿ.

ಮಳೆಗಾಲ ಮತ್ತು ಮನೆ ಬಾಗಿಲ ಕಲೆ

ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನೆಲ ಇದು. ತುಳುವರ ಆಟಿ ತಿಂಗಳು, ಅಂದರೆ ಜುಲೈ ಮಧ್ಯಭಾಗದಿಂದ ಆಗಸ್ಟ್ ಮಧ್ಯಭಾಗದವರೆಗಿನ ಅವಧಿ, ಹಿಂದಿನ ಕಾಲದಲ್ಲಿ ಕಷ್ಟದ ದಿನಗಳೆಂದೇ ಪ್ರಸಿದ್ಧ. ಗದ್ದೆಯ ಕೆಲಸ ಇಳಿಮುಖ, ಮನೆಯ ಕಣಜ ಖಾಲಿ, ಕಡಲಿಗೆ ಇಳಿಯುವಂತಿಲ್ಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳು ಬಂದರಿನಲ್ಲೇ ಲಂಗರು ಹಾಕಿರುತ್ತವೆ. ಆಟಿಯಲ್ಲಿ ನಲಿಕೆ ಸಮುದಾಯದವರು ತೆಂಬರೆ ಬಾರಿಸಿಕೊಂಡು ಆಟಿ ಕಳೆಂಜನಾಗಿ ಮನೆಮನೆಗೆ ಬರುತ್ತಾರೆ. ಊರಿನ ಮಾರಿ ಕಳೆಯುವುದು ಆತನ ಕೆಲಸವೆಂಬ ನಂಬಿಕೆ. ಆಟಿ ಕಳೆದು ಸೋಣ ತಿಂಗಳು ಬಂದಾಗ ಸೋಣದ ಜೋಗಿಯ ಸರದಿ. ಆ ಬಳಿಕ ಮಾರ್ನೆಮಿ, ಅಂದರೆ ನವರಾತ್ರಿ. ಆಗ ಕರಡಿ, ಸಿಂಹ, ರಾಕ್ಷಸ, ಪೊಲೀಸ್ ಮುಂತಾದ ವೇಷಗಳು ಬೀದಿಗಿಳಿಯುತ್ತವೆ.

ಹುಲಿವೇಷವನ್ನು ಈ ಸಾಲಿನಲ್ಲಿಟ್ಟು ನೋಡಿದಾಗ ಅದರ ಸ್ವಭಾವ ಸ್ಪಷ್ಟವಾಗುತ್ತದೆ. ಪ್ರೇಕ್ಷಕ ಕಲೆಯನ್ನು ಹುಡುಕಿಕೊಂಡು ಹೋಗುವ ವ್ಯವಸ್ಥೆ ಇದಲ್ಲ. ಕಲೆಯೇ ಪ್ರೇಕ್ಷಕನ ಅಂಗಳಕ್ಕೆ ಬರುತ್ತದೆ. ಟಿಕೆಟ್ ಇಲ್ಲ, ವೇದಿಕೆಯಿಲ್ಲ, ಆರಂಭ ಮತ್ತು ಮುಕ್ತಾಯದ ಗಂಟೆಯಿಲ್ಲ. ಅಕ್ಕಿಯೋ ತೆಂಗಿನಕಾಯಿಯೋ ನಾಣ್ಯವೋ ಮನೆಯವರು ಕೊಟ್ಟದ್ದೇ ಸಂಭಾವನೆ. ದುಡಿಮೆ ಕಡಿಮೆಯಿರುವ ಕಾಲದಲ್ಲಿ ಊರಿನ ಸಂಪತ್ತಿನ ಒಂದು ಪಾಲು ಕುಣಿತದ ನೆಪದಲ್ಲಿ ಕೈ ಬದಲಾಯಿಸುವ ಕ್ರಮ ಇದಾಗಿತ್ತು ಎಂದು ಹೇಳಬಹುದು.

ತುಳುನಾಡಿನಲ್ಲಿ ಹುಲಿ ಕೇವಲ ಕಾಡುಪ್ರಾಣಿಯಲ್ಲ, ಆರಾಧನೆಗೂ ಸಲ್ಲುವಂಥದ್ದು. ಪಿಲಿಚಾಮುಂಡಿ ಇಲ್ಲಿನ ಪ್ರಮುಖ ದೈವಗಳಲ್ಲೊಂದು. ಉಡುಪಿ ಸಮೀಪದ ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲದಲ್ಲಿ ಹುಲಿಯ ಬಣ್ಣ ತೊಟ್ಟ ದೈವಪಾತ್ರಿ ಜನರನ್ನು ಅಟ್ಟಿಸಿಕೊಂಡು ಬರುತ್ತಾನೆ. ಆತನ ಸ್ಪರ್ಶಕ್ಕೆ ಸಿಗದಂತೆ ಊರವರು ಓಡುತ್ತಾರೆ. ಅಷ್ಟಮಿಯ ಪಿಲಿಯೇಸ, ಅಂದರೆ ಹುಲಿವೇಷ, ಅಂತಹ ದೈವಾರಾಧನೆಯಲ್ಲ. ಆದರೂ ಹರಕೆಯ ಹುಲಿಗಳಿವೆ. ಕಾಯಿಲೆ ವಾಸಿಯಾದರೆ, ಸಂತಾನವಾದರೆ ಇಷ್ಟು ವರ್ಷ ಬಣ್ಣ ಹಚ್ಚುತ್ತೇನೆಂದು ಹೇಳಿಕೊಂಡವರು ಮನರಂಜನೆಯ ಗದ್ದಲದ ನಡುವೆಯೂ ತಮ್ಮ ಲೆಕ್ಕವನ್ನು ದೇವರೊಂದಿಗೆ ಚುಕ್ತಾ ಮಾಡುತ್ತಿರುತ್ತಾರೆ.

ಬಣ್ಣದ ರಾತ್ರಿ

ವೇಷ ಹಾಕುವ ಮುನ್ನ ತಂಡದ ಬಿಡಾರದಲ್ಲಿ ಊದು ಪೂಜೆ ನಡೆಯುತ್ತದೆ. ಹುಲಿಯ ತಲೆಗಳು, ಬಣ್ಣ, ವಾದ್ಯಗಳನ್ನು ದೇವರ ಮುಂದಿಟ್ಟು ಧೂಪ ಹಾಕಿದ ನಂತರ ತಾಸೆಯ ಮೊದಲ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಇನ್ನೂ ಬಣ್ಣ ಹಚ್ಚಿಕೊಳ್ಳದ ಹುಡುಗರು ಅಂಗಿ ಬನಿಯನ್ನಿನಲ್ಲೇ ಹೆಜ್ಜೆ ಹಾಕುತ್ತಾರೆ. ಮುಂದಿನ ದಿನಗಳ ಶಿಸ್ತು ಅಲ್ಲಿಂದ ಆರಂಭ. ವೇಷ ಇರುವಷ್ಟು ದಿನ ಮದ್ಯ ಮಾಂಸ ವರ್ಜಿಸುವ ವ್ರತವನ್ನು ಅನೇಕ ತಂಡಗಳು ಪಾಲಿಸುತ್ತವೆ.

ಬಣ್ಣಗಾರಿಕೆ ಗಂಟೆಗಟ್ಟಲೆಯ ಕೆಲಸ. ಮೈಗೆ ಮೊದಲು ತಳಬಣ್ಣ ಬಳಿದು, ಅದು ಒಣಗಿದ ಬಳಿಕ ಹಳದಿ ಹಚ್ಚಿ, ಅದರ ಮೇಲೆ ಕರಿಯ ಪಟ್ಟೆಗಳನ್ನು ಬರೆಯಲಾಗುತ್ತದೆ. ಬಣ್ಣ ಹಸಿಯಾಗಿರುವಾಗ ಕೂರುವಂತಿಲ್ಲ, ಒರಗುವಂತಿಲ್ಲ. ಚಾಚಿದ ತೋಳುಗಳನ್ನು ಬಿದಿರಿನ ಗಳುವಿಗೆ ಆನಿಸಿಕೊಂಡು ಹುಲಿಗಳು ರಾತ್ರಿಯಿಡೀ ನಿಂತಿರುತ್ತವೆ. ಉಡುಪಿಯ ಕೆಲವು ತಂಡಗಳು ಹಸಿ ಬಣ್ಣದ ಮೇಲೆ ಕುರಿಯ ಉಣ್ಣೆಯನ್ನು ಅಂಟಿಸಿ ನಿಜವಾದ ತುಪ್ಪುಳದ ಭ್ರಮೆಯನ್ನು ತರುತ್ತವೆ. ಅಗಲ ಪಟ್ಟೆಯ ಹುಲಿ, ಚುಕ್ಕೆಯ ಚಿರತೆ, ಕರಿಹುಲಿ, ಮರಿಹುಲಿ ಹೀಗೆ ಬಗೆಗಳು ಹಲವು. ಪಟ್ಟೆಯ ಗೆರೆಯನ್ನು ಕಂಡೇ ಇದು ಯಾವ ಬಣ್ಣಗಾರನ ಕೈಕೆಲಸವೆಂದು ಗುರುತಿಸಬಲ್ಲ ಹಿರಿಯರು ಈ ಪಟ್ಟಣದಲ್ಲಿದ್ದಾರೆ.

ಇದರ ಬೆಲೆಯನ್ನು ತೆರುವುದು ದೇಹ. ಮಳೆಗೆ ಕರಗಬಾರದೆಂಬ ಕಾರಣಕ್ಕೆ ಎಣ್ಣೆ ಬಣ್ಣಗಳು ಬಳಕೆಗೆ ಬಂದವು. ಬಾಗಿಲು ಕಿಟಕಿಗಳಿಗೆ ಬಳಿಯಲು ತಯಾರಾದ ಬಣ್ಣ ಚರ್ಮವನ್ನು ಮುಚ್ಚಿದಾಗ ಬೆವರು ಆರುವ ದಾರಿ ಕಟ್ಟಿಕೊಳ್ಳುತ್ತದೆ. ಕುಣಿತದಿಂದ ಏರಿದ ಕಾವು ಹೊರಹೋಗಲಾರದೆ ಮೈ ಉರಿಯುತ್ತದೆ. ಹಬ್ಬ ಮುಗಿದ ಮೇಲೆ ಸೀಮೆಎಣ್ಣೆ, ತೆಂಗಿನೆಣ್ಣೆ ಹಚ್ಚಿ ಉಜ್ಜಿ ತೆಗೆಯುವ ಕೆಲಸವೂ ಅಷ್ಟೇ ಯಾತನೆಯದು. ಚರ್ಮಕ್ಕೆ ಹಗುರವಾದ ಬಣ್ಣಗಳ ಕಡೆಗೆ ಕೆಲವು ತಂಡಗಳು ಇತ್ತೀಚೆಗೆ ಹೊರಳಿರುವುದು ಸ್ವಾಗತಾರ್ಹ. ಆದರೆ ಅಷ್ಟಮಿಯ ಜಡಿಮಳೆಯಲ್ಲಿ ಎರಡು ದಿನ ನಿಲ್ಲಬಲ್ಲ, ಜೊತೆಗೆ ಮೈಗೂ ಹಿತವಾದ ಬಣ್ಣ ಸುಲಭವಾಗಿ ಕೈಗೆಟಕುವಂತಾಗಬೇಕಾಗಿದೆ.

ಹುಲಿಯ ಉಸಿರು: ತಾಸೆ

ತಾಸೆ ಬೋಗುಣಿಯಾಕಾರದ ಚರ್ಮವಾದ್ಯ. ಆಳ ಕಡಿಮೆ, ಬಾಯಿ ಅಗಲ. ಅದನ್ನು ಕೊರಳಿಗೆ ತೂಗಿಬಿಟ್ಟು, ಸೊಂಟದ ಮಟ್ಟದಲ್ಲಿ ಎರಡು ತೆಳುವಾದ ಕಡ್ಡಿಗಳಿಂದ ನುಡಿಸಲಾಗುತ್ತದೆ. ಜೊತೆಗೆ ಗಂಭೀರ ನಾದದ ಡೋಲು ಇರುತ್ತದೆ. ಡೋಲು ಹೆಜ್ಜೆಯನ್ನು ನೆಲಕ್ಕೆ ಕಟ್ಟಿಹಾಕಿದರೆ, ತಾಸೆ ಆ ಹೆಜ್ಜೆಗಳ ನಡುವಿನ ಜಾಗವನ್ನು ಬಿರುಸಾದ ಸಣ್ಣ ಪೆಟ್ಟುಗಳಿಂದ ತುಂಬುತ್ತದೆ. ಕಡಿಮೆ ವಾದ್ಯಗಳಿದ್ದರೂ ಬೀದಿಯ ಗದ್ದಲವನ್ನು ಸೀಳಿಕೊಂಡು ಹೋಗುವ ಶಕ್ತಿ ಅದರ ತೀಕ್ಷ್ಣ ದನಿಗಿದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ತಂಡ ಬರುತ್ತಿರುವ ಸುದ್ದಿಯನ್ನು ಎರಡು ಓಣಿಯಾಚೆಗೆ ಮುಟ್ಟಿಸುತ್ತಿದ್ದುದು ಇದೇ ದನಿ.

ಈ ವಾದ್ಯದ ಕುಟುಂಬ ದೊಡ್ಡದು. ಬಟ್ಟಲು ಎಂಬರ್ಥದ ಪಾರಸಿ ಮೂಲದ 'ತಾಸ್' ಶಬ್ದದಿಂದ ಹೆಸರು ಪಡೆದ ತಾಶಾ, ಮಹಾರಾಷ್ಟ್ರದ ಗಣೇಶೋತ್ಸವದಲ್ಲಿ ಢೋಲ್ ಜೊತೆ ಕೇಳಿಬರುತ್ತದೆ. ಉತ್ತರ ಕರ್ನಾಟಕದ ಮೊಹರಂ ಮೆರವಣಿಗೆಗಳಿಗೂ ಅದು ಹೊಸದಲ್ಲ. 1845ರಿಂದ 1917ರವರೆಗೆ ಭಾರತದಿಂದ ಟ್ರಿನಿಡಾಡ್ ದ್ವೀಪದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಉತ್ತರ ಭಾರತೀಯರ ಜೊತೆ ಇದೇ ವಾದ್ಯ ಸಾಗರ ದಾಟಿತು. 'ಟಾಸಾ' ಎಂಬ ಹೆಸರಿನಲ್ಲಿ ಅಲ್ಲಿನ ಮದುವೆಗಳಲ್ಲೂ ಹೊಸೇ ಎಂದು ಕರೆಯಲಾಗುವ ಮೊಹರಂ ಆಚರಣೆಯಲ್ಲೂ ಅದು ಇಂದಿಗೂ ಮೊಳಗುತ್ತಿದೆ. ಧರ್ಮ, ಪ್ರದೇಶಗಳ ಗೆರೆಗಳನ್ನು ಲೆಕ್ಕಿಸದೆ ಬೀದಿಯಿಂದ ಬೀದಿಗೆ ಸಾಗಿದ ವಾದ್ಯವೊಂದು ತುಳುನಾಡಿಗೆ ಬಂದು ಹುಲಿಯ ಕಾಲಿಗೆ ಗೆಜ್ಜೆಯಾದದ್ದು ಕುತೂಹಲಕರ.

ಚರ್ಮದ ಹೊದಿಕೆಗೆ ತೇವವೇ ಶತ್ರು. ಮಳೆಗಾಲದ ಗಾಳಿಗೆ ಅದು ಸಡಿಲಗೊಂಡು ದನಿ ಮಂಕಾಗುತ್ತದೆ. ಆದ್ದರಿಂದ ವಾದಕರು ಆಗಾಗ ರಸ್ತೆಯ ಬದಿಯಲ್ಲಿ ಕಾಗದವೋ ಒಣಗರಿಯೋ ಉರಿಸಿ, ತಾಸೆಯನ್ನು ಬೆಂಕಿಗೆ ಹಿಡಿದು ಬಿಗಿಗೊಳಿಸುತ್ತಾರೆ. ಹುಲಿಗಳಿಗೆ ಸಿಗುವ ವಿರಾಮ ಅದೇ. ನೀರಿಗೆ ಜಗ್ಗದ ಕೃತಕ ಹೊದಿಕೆಗಳು ಬಂದ ಮೇಲೆ ಈ ತೊಂದರೆ ಕಡಿಮೆಯಾಗಿದೆ. ಆದರೆ ಕಾಸಿದ ಚರ್ಮದ ನಾದವೇ ಬೇರೆ ಎನ್ನುವವರು ಈಗಲೂ ಇದ್ದಾರೆ.

ವಾದಕ ಮತ್ತು ವೇಷಧಾರಿಯ ಸಂಬಂಧ ಗಾಯಕ ಹಾಗೂ ಪಕ್ಕವಾದ್ಯದವನ ಸಂಬಂಧಕ್ಕಿಂತ ನಿಕಟವಾದುದು. ತಂಡ ನಡೆಯುತ್ತಿರುವಾಗಿನ ಗತಿಯೇ ಬೇರೆ, ಅಂಗಳದಲ್ಲಿ ಕುಣಿಯುವಾಗಿನ ಗತಿಯೇ ಬೇರೆ. ಹುಲಿ ನೆಲ ಮೂಸುವಾಗ, ಬೆನ್ನು ಬಾಗಿಸಿ ಬೇಟೆಗೆ ಹೊಂಚುವಾಗ ಲಯ ತಗ್ಗುತ್ತದೆ. ನೆಗೆತದ ಕ್ಷಣ ಹತ್ತಿರವಾದಂತೆ ಪೆಟ್ಟುಗಳು ದಟ್ಟವಾಗುತ್ತವೆ. ಲಾಗ ಹೊಡೆಯುವವನು ಯಾವ ಪೆಟ್ಟಿಗೆ ನೆಲ ಬಿಡುತ್ತಾನೆ, ಯಾವ ಪೆಟ್ಟಿಗೆ ನೆಲ ಮುಟ್ಟುತ್ತಾನೆ ಎಂಬುದನ್ನು ವಾದಕ ಬಲ್ಲ. ಆತನ ಕಣ್ಣು ಸದಾ ಹುಲಿಯ ಕಾಲಿನ ಮೇಲಿರುತ್ತದೆ. ದಣಿದ ಹುಲಿಯನ್ನು ಕಂಡರೆ ಆತ ಲಯವನ್ನು ಸಡಿಲಿಸಿ ಉಸಿರಿಗೆ ಅವಕಾಶ ಕೊಡುತ್ತಾನೆ. ಹುರುಪು ಕಂಡರೆ ಏರಿಸುತ್ತಾನೆ. ಮುದ್ರಿತ ಸಂಗೀತಕ್ಕೆ ಸಾಧ್ಯವಾಗದ ಕೆಲಸ ಇದು.

ಅಕ್ಕಿಮುಡಿ ಎತ್ತುವ ಸಾಹಸದಲ್ಲಿ ಈ ಹೊಂದಾಣಿಕೆ ಸ್ಪಷ್ಟವಾಗಿ ಕಾಣುತ್ತದೆ. ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ ಕರಾವಳಿಯ ಹಳೆಯ ಅಳತೆ. ಒಂದು ಮುಡಿಗೆ 42 ಸೇರು, ಸುಮಾರು 40 ಕಿಲೋ ತೂಕ. ಹುಲಿ ಅದನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯಬೇಕು. ಕುತ್ತಿಗೆ, ದವಡೆಗಳ ಮೇಲೆ ಬೀಳುವ ಭಾರವನ್ನು ನೆನೆದರೆ ಇದು ಎಷ್ಟು ಅಪಾಯದ ಕೆಲಸವೆಂದು ತಿಳಿಯುತ್ತದೆ. ಹುಲಿ ಮುಡಿಯ ಸುತ್ತ ತಿರುಗುತ್ತ ದಮ್ಮು ಕಟ್ಟುವಾಗ ತಾಸೆ ಕಾಯುತ್ತದೆ. ಹಲ್ಲು ಹಗ್ಗಕ್ಕೆ ಕಚ್ಚಿಕೊಂಡ ಕೂಡಲೇ ಸ್ಫೋಟಿಸುತ್ತದೆ. ನೆಲದ ಮೇಲಿಟ್ಟ ನೋಟನ್ನು ಹಿಂದಕ್ಕೆ ಬಾಗಿ ಬಾಯಿಂದ ಕಚ್ಚಿ ತೆಗೆಯುವ ಕಸರತ್ತಿಗೂ ಇದೇ ಬಗೆಯ ಬೆಂಬಲ ಬೇಕು.

ಹೆಸರಿಲ್ಲದವರ ಪಾಲು

ಬಹುಮಾನದ ಫಲಕದಲ್ಲಿ ತಂಡದ ಹೆಸರಿರುತ್ತದೆ. ಅತ್ಯುತ್ತಮ ಹುಲಿ, ಅತ್ಯುತ್ತಮ ಮರಿಹುಲಿಗಳಿಗೆ ಹಾರ ಬೀಳುತ್ತದೆ. ವಾದಕನ ಹೆಸರನ್ನು ಕರೆಯುವ ಸಂದರ್ಭಗಳು ಅಪರೂಪ. ಹಲವರು ಹಬ್ಬದ ದಿನಗಳಲ್ಲಿ ಒಂದಾದ ಮೇಲೊಂದು ತಂಡಕ್ಕೆ ನುಡಿಸುತ್ತಾರೆ. ಉಳಿದ ದಿನಗಳಲ್ಲಿ ಕೂಲಿ, ಮೀನುಗಾರಿಕೆ, ಗಾರೆ ಕೆಲಸಗಳಲ್ಲಿ ತೊಡಗುತ್ತಾರೆ. ಅಷ್ಟಮಿ, ಚೌತಿ, ನವರಾತ್ರಿ ಎಂಬ ಮೂರು ಹಬ್ಬಗಳ ಕೆಲವೇ ವಾರಗಳಲ್ಲಿ ಅವರ ಕಲಾ ಸಂಪಾದನೆ ಮುಗಿಯಬೇಕು. ಈ ವಿದ್ಯೆಗೆ ಪಠ್ಯವಿಲ್ಲ. ಹಿರಿಯರ ಪಕ್ಕದಲ್ಲಿ ನಿಂತು ಕೇಳಿ ಕಲಿಯಬೇಕು.

ಕರಾವಳಿಯ ಚರ್ಮವಾದ್ಯಗಳ ಚರಿತ್ರೆಯಲ್ಲಿ ನೋವಿನ ಅಧ್ಯಾಯವೂ ಇದೆ. ಡೋಲು ಮತ್ತು ಕೊಳಲು ವಾದನದಲ್ಲಿ ಹೆಸರಾದ ಕೊರಗ ಸಮುದಾಯವನ್ನು ಜಾತ್ರೆ ಕಂಬಳಗಳಲ್ಲಿ ಡೋಲು ಬಾರಿಸಲು ಕರೆಸಿ, ಅಸ್ಪೃಶ್ಯರಂತೆ ದೂರ ನಿಲ್ಲಿಸುವ ರೂಢಿ ಬಹುಕಾಲ ನಡೆದುಬಂತು. ಕೊರಗರನ್ನು ಕೀಳಾಗಿ ಕಾಣುವ, ಕೂಲಿ ಕೊಡದೆ ದುಡಿಸಿಕೊಳ್ಳುವ, ಕೂದಲು ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವ ಹಾಗೂ ಕಂಬಳಕ್ಕೆ ಮುನ್ನ ಕೋಣಗಳಂತೆ ಓಡಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದ ಕಾಯ್ದೆಯ ಮೂಲಕ ನಿಷೇಧಿಸಿತು. ಹಬ್ಬದ ಬೀದಿಗಳಲ್ಲಿ ಮೈಗೆ ಮಸಿ ಬಳಿದುಕೊಂಡು ಹಾಕುತ್ತಿದ್ದ 'ಕೊರಗ ವೇಷ'ವನ್ನೂ ಆ ಸಮುದಾಯ ತನ್ನ ಘನತೆಗೆ ಧಕ್ಕೆಯೆಂದು ವಿರೋಧಿಸಿತು. ಬೀದಿಯಲ್ಲಿ ನಡೆದುದೆಲ್ಲವೂ ಪರಂಪರೆಯೆಂಬ ಕಾರಣಕ್ಕೆ ಉಳಿಯಬೇಕಾಗಿಲ್ಲ ಎಂಬುದಕ್ಕೆ ಇದು ನಿದರ್ಶನ. ಉಳಿಯಬೇಕಾದುದು ವಾದನದ ವಿದ್ಯೆ. ಅದನ್ನು ನುಡಿಸುವ ಕೈಗೆ ಕೂಲಿ ಮತ್ತು ಗೌರವ ಎರಡೂ ಸಲ್ಲಬೇಕು.

ಬೀದಿಯಿಂದ ವೇದಿಕೆಗೆ

ಮಠಗಳ ಆಶ್ರಯ ಉಡುಪಿಯ ಹುಲಿಗಳಿಗೆ ಹಿಂದಿನಿಂದಲೂ ಇದೆ. ಶಿರೂರು ಮಠದ ಲಕ್ಷ್ಮೀವರತೀರ್ಥ ಸ್ವಾಮೀಜಿ (ನಿಧನ: 2018) ಹುಲಿವೇಷಗಳ ಮೇಲಿನ ಅಭಿಮಾನಕ್ಕೆ ಪ್ರಸಿದ್ಧರಾಗಿದ್ದರು; ವಿಟ್ಲಪಿಂಡಿಯಂದು ಮಠದ ಮುಂದೆ ಕುಣಿದ ತಂಡಗಳಿಗೆ ನೋಟಿನ ಮಾಲೆಗಳು ಬೀಳುತ್ತಿದ್ದುದು ಜನರ ನೆನಪಿನಲ್ಲಿದೆ. ದಕ್ಷಿಣಕ್ಕೆ ಮಂಗಳೂರಿನಲ್ಲಿ ಹುಲಿಯ ಕಾಲ ನವರಾತ್ರಿ. ದೇವಿಯ ವಾಹನವೆಂಬ ಭಾವನೆಯಿಂದ ಅಲ್ಲಿ ಬಣ್ಣ ಹಚ್ಚಲಾಗುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಮೆರವಣಿಗೆಯಲ್ಲಿ ಹುಲಿಗಳು ರಾತ್ರಿಯಿಡೀ ಸ್ತಬ್ಧಚಿತ್ರಗಳ ನಡುವೆ ಕುಣಿಯುತ್ತವೆ. ಸಾಮಾನ್ಯವಾಗಿ ಮಂಗಳೂರಿನ ಹುಲಿಗೆ ಕಸರತ್ತಿನ ಒಲವು, ಉಡುಪಿಯ ಹುಲಿಗೆ ಕುಣಿತದ ಒಲವು ಹೆಚ್ಚೆಂದು ಬಲ್ಲವರು ಹೇಳುವುದುಂಟು.

ಬೆಳ್ಳಿತೆರೆ ಇದಕ್ಕೆ ಹೊಸ ಪ್ರೇಕ್ಷಕರನ್ನು ಒದಗಿಸಿತು. ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ನಿರ್ದೇಶಿಸಿದ 'ಉಳಿದವರು ಕಂಡಂತೆ' (2014) ಮಲ್ಪೆಯ ಹಿನ್ನೆಲೆಯಲ್ಲಿ ಹುಲಿವೇಷವನ್ನು ಕಥೆಯ ಭಾಗವಾಗಿಸಿತು. ರಾಜ್ ಬಿ. ಶೆಟ್ಟಿ ನಿರ್ದೇಶನದ 'ಗರುಡ ಗಮನ ವೃಷಭ ವಾಹನ' (2021) ಚಿತ್ರದ ಹುಲಿ ಕುಣಿತದ ದೃಶ್ಯ ರಾಜ್ಯದಾಚೆಗೂ ಮಾತಿಗೆ ಕಾರಣವಾಯಿತು. ಇದೇ ಅವಧಿಯಲ್ಲಿ ಎರಡೂ ಜಿಲ್ಲೆಗಳಲ್ಲಿ ಸ್ಪರ್ಧೆಗಳು ಹೆಚ್ಚಿದವು. ಲಕ್ಷಗಳ ಬಹುಮಾನ, ಬೆಳಕಿನ ವ್ಯವಸ್ಥೆ, ನೇರ ಪ್ರಸಾರ, ತೀರ್ಪುಗಾರರು, ನಿಗದಿತ ಅವಧಿ ಇವೆಲ್ಲ ಬಂದವು. ಹೆಣ್ಣುಮಕ್ಕಳೂ ಬಣ್ಣ ಹಚ್ಚಿ ಕುಣಿಯತೊಡಗಿರುವುದು ಈ ಕಾಲದ ಆರೋಗ್ಯಕರ ಬೆಳವಣಿಗೆ.

ವೇದಿಕೆಯಿಂದ ಲಾಭವಿಲ್ಲವೆಂದು ಹೇಳಲಾಗದು. ತರಬೇತಿ ಶಿಸ್ತುಬದ್ಧವಾಯಿತು, ತಂಡಗಳಿಗೆ ಸಂಪಾದನೆ ಬಂತು, ಪಟ್ಟಣದ ಯುವಕರಿಗೆ ಹುಲಿಯಾಗುವುದು ಹೆಮ್ಮೆಯ ಸಂಗತಿಯಾಯಿತು. ಆದರೆ ನಷ್ಟದ ಲೆಕ್ಕವೂ ಇದೆ. ಗಡಿಯಾರದ ಮುಂದೆ ಕುಣಿಯುವಾಗ ಕಣ್ಣು ಸೆಳೆಯುವ ನೆಗೆತಗಳಿಗೆ ಅಂಕ. ಹೊಂಚು, ಮೂಸುವಿಕೆ, ಮರಿಯನ್ನು ನೆಕ್ಕುವ ಹುಲಿಯ ಮೃದು ಚಲನೆಗಳಿಗೆ ಸಮಯ ಸಾಲದು. ತಾಸೆಯೂ ಆರಂಭದಿಂದ ಕೊನೆಯವರೆಗೆ ಒಂದೇ ಬಿರುಸಿನಲ್ಲಿ ಸಾಗಬೇಕಾಗುತ್ತದೆ. ಅಂಗಳದಲ್ಲಿ ಅಜ್ಜಿಯೊಬ್ಬಳು ಕೊಟ್ಟ ಹತ್ತು ರೂಪಾಯಿಗೆ ಪ್ರತಿಯಾಗಿ ಹುಲಿ ಮಗುವಿನ ತಲೆ ಸವರಿ ಹೋಗುವ ಗಳಿಗೆಗೆ ಯಾವ ಸ್ಪರ್ಧೆಯಲ್ಲೂ ಅಂಕವಿಲ್ಲ.

ಬೀದಿಗೂ ತನ್ನದೇ ತೊಂದರೆಗಳಿವೆ. ವಾಹನ ದಟ್ಟಣೆ, ಕಾವಲುಗಾರರಿರುವ ವಸತಿ ಸಮುಚ್ಚಯಗಳು, ಮುಚ್ಚಿದ ಗೇಟುಗಳು ಮನೆಮನೆ ಪಯಣವನ್ನು ಕಷ್ಟವಾಗಿಸಿವೆ. ಮೆರವಣಿಗೆಗಳಲ್ಲಿ ಲಾರಿಯ ಮೇಲೇರಿದ ಡಿ.ಜೆ. ಧ್ವನಿವರ್ಧಕಗಳು ಮೊಳಗಿದಾಗ ಕೈಯಲ್ಲಿ ಬಾರಿಸುವ ತಾಸೆ ಕೇಳಿಸುವುದೇ ಇಲ್ಲ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. 2010ರ ತಿದ್ದುಪಡಿಯ ಬಳಿಕ ಬಯಲಲ್ಲಿ ನುಡಿಸುವ ವಾದ್ಯಗಳೂ ಇದರ ವ್ಯಾಪ್ತಿಗೆ ಬಂದಿವೆ. ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಧ್ವನಿವರ್ಧಕಕ್ಕೆ ರಿಯಾಯಿತಿ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕಾಯ್ದೆ ಎಲ್ಲ ಸದ್ದನ್ನೂ ಸದ್ದೆಂದೇ ಎಣಿಸುತ್ತದೆ; ಆದರೆ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಓಣಿಯಲ್ಲಿ ಹಾದುಹೋಗುವ ಎರಡು ತಾಸೆಗೂ ಗಂಟೆಗಟ್ಟಲೆ ಒಂದೆಡೆ ನಿಂತು ಕಿಟಕಿ ನಡುಗಿಸುವ ಯಂತ್ರಕ್ಕೂ ಸಾಮ್ಯವಿಲ್ಲ.

ವೇಷದ ಇನ್ನೊಂದು ಮುಖ

ಅಷ್ಟಮಿಯ ಬೀದಿ ಹುಲಿಗಳಿಗಷ್ಟೇ ಮೀಸಲಲ್ಲ. ಪುರಾಣದ ರಾಕ್ಷಸರಿಂದ ಹಿಡಿದು ಸಿನಿಮಾದ ವಿಚಿತ್ರ ಜೀವಿಗಳವರೆಗೆ ಬಗೆಬಗೆಯ ವೇಷಗಳಿರುತ್ತವೆ. ಕಟ್ಟಡ ಕಾರ್ಮಿಕರಾಗಿ ದುಡಿಯುವ ರವಿ ಕಟಪಾಡಿ ಪ್ರತಿ ವರ್ಷ ಬೃಹತ್ ವೇಷ ತೊಟ್ಟು, ಸಂಗ್ರಹವಾದ ಹಣವನ್ನು ಕಾಯಿಲೆಪೀಡಿತ ಮಕ್ಕಳ ಚಿಕಿತ್ಸೆಗೆ ನೀಡುವ ಮೂಲಕ ಮನೆಮಾತಾದರು. 'ಕೌನ್ ಬನೇಗಾ ಕರೋಡ್‌ಪತಿ' ಕಾರ್ಯಕ್ರಮದವರೆಗೂ ಅವರ ಹೆಸರು ತಲುಪಿತು. ಅವರ ಹಾದಿಯಲ್ಲಿ ಇನ್ನೂ ಹಲವು ಯುವಕರ ಗುಂಪುಗಳು ವೇಷ ಹಾಕಿ ನೆರವಿನ ಹಣ ಕೂಡಿಸುತ್ತಿವೆ. ಮನೆ ಬಾಗಿಲಿಗೆ ಬಂದ ವೇಷಕ್ಕೆ ಕಾಣಿಕೆ ಹಾಕುವ ಹಳೆಯ ರೂಢಿ ಹೊಸ ಉದ್ದೇಶವೊಂದಕ್ಕೆ ಒಗ್ಗಿಕೊಂಡ ಬಗೆ ಇದು. ಹಿಂದೆ ಮಳೆಗಾಲದಲ್ಲಿ ಹಸಿದವನ ಮನೆಗೆ ಹೋಗುತ್ತಿದ್ದ ಅಕ್ಕಿ, ಈಗ ಆಸ್ಪತ್ರೆಯ ಹಾಸಿಗೆಯ ಬಳಿಗೆ ಹೋಗುತ್ತಿದೆ.

ಕೋವಿಡ್ ಪಿಡುಗಿನಿಂದಾಗಿ 2020ರಲ್ಲಿ ಉಡುಪಿಯ ಅಷ್ಟಮಿ ಸಾರ್ವಜನಿಕರಿಲ್ಲದೆ ಸರಳವಾಗಿ ನಡೆಯಿತು. ರಥಬೀದಿಯಲ್ಲಿ ವೇಷಗಳಿರಲಿಲ್ಲ. ಪೂಜೆ, ಅರ್ಘ್ಯ ಎಲ್ಲವೂ ಕ್ರಮದಂತೆ ಮುಗಿದರೂ ಹಬ್ಬ ಬಂದುಹೋದದ್ದೇ ತಿಳಿಯಲಿಲ್ಲ ಎಂಬ ಭಾವ ಊರವರಲ್ಲಿತ್ತು. ಬೀದಿಯ ವಾದ್ಯ ಹಬ್ಬದ ಅಲಂಕಾರವೋ, ಹಬ್ಬದ ಒಡಲೋ ಎಂಬ ಪ್ರಶ್ನೆಗೆ ಆ ವರ್ಷದ ಮೌನವೇ ಉತ್ತರ ಹೇಳಿತು.

ಹುಲಿಯ ಭವಿಷ್ಯದ ಬಗ್ಗೆ ಆತಂಕಪಡಬೇಕಾದ ಸ್ಥಿತಿ ಇಂದು ಇಲ್ಲ. ಬಣ್ಣ ಹಚ್ಚಲು ಕಾದಿರುವ ಹುಡುಗರಿಗೆ ಕೊರತೆಯಿಲ್ಲ. ಆದರೆ ಎರಡು ಕಡ್ಡಿ ಹಿಡಿದು ಹುಲಿಯ ಕಾಲನ್ನು ಕಣ್ಣಲ್ಲೇ ಓದಬಲ್ಲ ವಾದಕರು ಒಂದೆರಡು ತಿಂಗಳ ತರಬೇತಿಯಲ್ಲಿ ತಯಾರಾಗುವುದಿಲ್ಲ. ಸ್ಪರ್ಧೆಗಳು ತಾಸೆ ವಾದನಕ್ಕೆ ಪ್ರತ್ಯೇಕ ಬಹುಮಾನ ಇಡುವುದು, ಫಲಕದಲ್ಲಿ ವಾದಕರ ಹೆಸರು ಬರೆಯುವುದು, ಹಿರಿಯರ ಬಳಿ ಮಕ್ಕಳು ಕಲಿಯಲು ಶಾಲೆ ಮತ್ತು ಸಂಘಟನೆಗಳು ನೆರವಾಗುವುದು, ಸಂಭಾವನೆಯಲ್ಲಿ ವಾದಕರ ಪಾಲನ್ನು ಮೊದಲೇ ನಿಗದಿಪಡಿಸುವುದು ಇವೆಲ್ಲ ದೊಡ್ಡ ವೆಚ್ಚದ ಕೆಲಸಗಳೇನಲ್ಲ.

ವಿಟ್ಲಪಿಂಡಿಯ ಸಂಜೆ ರಥ ನಿಂತ ಮೇಲೂ ಪಟ್ಟಣದ ಅಂಚಿನ ಓಣಿಗಳಲ್ಲಿ ಕೆಲವು ತಂಡಗಳು ಉಳಿದ ಮನೆಗಳನ್ನು ಮುಗಿಸುತ್ತಿರುತ್ತವೆ. ಬಣ್ಣ ಅಲ್ಲಲ್ಲಿ ಒಡೆದಿರುತ್ತದೆ, ಹುಲಿಗಳ ಹೆಜ್ಜೆ ಭಾರವಾಗಿರುತ್ತದೆ. ಆಗ ತಾಸೆಯವನು ರಸ್ತೆ ಬದಿಯಲ್ಲಿ ಒಂದಿಷ್ಟು ಕಾಗದ ಉರಿಸಿ, ಚರ್ಮ ಕಾಸಿ, ಕೊನೆಯ ಮನೆಯ ಅಂಗಳದಲ್ಲಿ ಮತ್ತೆ ಕಡ್ಡಿ ಎತ್ತುತ್ತಾನೆ. ಬಸವಳಿದ ಹುಲಿ ತಲೆಯೆತ್ತಿ ನಿಲ್ಲುತ್ತದೆ.